ಸೆಕೆಂಡ್ ಕೋಟಣ್ಣ ರಿಸಲ್ಟಿಗೆ ಕಾದದ್ದು

ಊರಿನಲ್ಲಿ ಗೋಡೆಗೆ ಬಣ್ಣ ಹೊಡೆಯುವವರು ಬೇಕಾದಷ್ಟು ಜನ ಇದ್ದರು, ಸೆಕೆಂಡ್ ಕೋಟಣ್ಣ ಮಾತ್ರ ಒಬ್ಬನೇ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೊದಲ ಸಲ ಬಣ್ಣ ಬಳಿದಾಗ ಯಾವ ಗೋಡೆಯೂ ಚೆಂದ ಕಾಣುವುದಿಲ್ಲ. ಅಲ್ಲಿ ಮಚ್ಚೆ, ಇಲ್ಲಿ ಗೆರೆ. ಮನೆಯ ಯಜಮಾನಿ ಬಂದು ಸೊಂಟಕ್ಕೆ ಕೈಯಿಟ್ಟುಕೊಂಡು "ಏನಪ್ಪಾ ಇದು, ಹಸು ನೆಕ್ಕಿದ ಹಾಗಿದೆ?" ಅಂದರೆ, ಇವನು ಏಣಿಯ ಮೇಲಿಂದ ಕತ್ತು ಕೂಡ ತಿರುಗಿಸದೆ "ಸೆಕೆಂಡ್ ಕೋಟಲ್ಲಿ ಸರಿಹೋಗುತ್ತೆ ಅಕ್ಕಾ" ಅನ್ನುತ್ತಿದ್ದ. ಸುಳ್ಳು ಯಾಕೆ ಹೇಳಬೇಕು, ಸರಿಹೋಗುತ್ತಲೂ ಇತ್ತು. ಆಮೇಲೆ ಆ ಮಾತು ಗೋಡೆ ಬಿಟ್ಟು ಎಲ್ಲದಕ್ಕೂ ಹತ್ತಿಕೊಂಡಿತು. ಬಸ್ಸು ತಪ್ಪಿದರೂ ಅದೇ, ಚಪ್ಪಲಿ ಕಿತ್ತುಹೋದರೂ ಅದೇ. ಪಕ್ಕದ ಮನೆಯವರ ಮಗನ ಮದುವೆ ಮುರಿದುಬಿದ್ದಾಗಲೂ ಸಮಾಧಾನ ಹೇಳಲು ಹೋಗಿ ಅದನ್ನೇ ಹೇಳಿ ಬಂದ. ಆ ಮನೆಯವರು ಬಹಳ ದಿನ ಇವನ ಹತ್ತಿರ ಮಾತು ಬಿಟ್ಟಿದ್ದರು.

ಇಂಥ ಆಸಾಮಿ ಎರಡು ತಿಂಗಳು ಊಟ ಸೇರದೆ, ನಿದ್ದೆ ಹತ್ತದೆ, ಮೈಗೆ ಇರುವೆ ಬಿಟ್ಟವನಂತೆ ಓಡಾಡಿದ. ಯಾಕೆಂದರೆ ಅವನ ಹೆಂಡತಿ ಪರೀಕ್ಷೆ ಬರೆದಿದ್ದಳು.

ಅವಳು ದೊಡ್ಡಾಸ್ಪತ್ರೆಯಲ್ಲಿ ಆಯಾ. ವಾರ್ಡಿನ ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಾಯಿಸುವುದು, ಎದ್ದು ಹೋಗಲಾಗದವರಿಗೆ ಬೆಡ್‌ಪ್ಯಾನ್ ಇಟ್ಟು, ತೆಗೆದು, ತೊಳೆಯುವುದು. ಮದುವೆಗೆ ಮುಂಚೆಯೇ ಸೇರಿದ ಕೆಲಸ, ಮಗಳು ಹೈಸ್ಕೂಲಿಗೆ ಬಂದರೂ ಅದೇ ಕೆಲಸ. ಅದರ ಬಗ್ಗೆ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಒಂದು ಮುಳ್ಳಿತ್ತು, ಗಂಡನ ಹತ್ತಿರ ಒಂದೇ ಒಂದು ಸಲ ಅದನ್ನು ಹೇಳಿಕೊಂಡಿದ್ದಳು.

"ನರ್ಸ್ ಬೇರೆ ವಾರ್ಡಲ್ಲಿ ಇರ್ತಾರೆ ರೀ. ಆಪರೇಷನ್ ಆದವರು ನೋವು ತಡೀಲಾರದೆ ನನ್ನ ಕೈ ಹಿಡ್ಕೊಂಡು, 'ಏನಾದ್ರೂ ಕೊಡಮ್ಮಾ' ಅಂತ ಗೋಗರೀತಾರೆ. ಔಷಧಿ ಯಾವ ಕಪಾಟಲ್ಲಿದೆ ಅಂತ ನಂಗೆ ಗೊತ್ತು. ಮುಟ್ಟೋ ಹಾಗಿಲ್ಲ. ಕೈ ಹಿಡ್ಕೊಂಡು ನಿಂತಿರಬೇಕು, ಅಷ್ಟೇ. ಒಂದು ದಿನ ಆದ್ರೂ ನಾನೇ ಕೊಡೋ ಹಾಗಾಗ್ಬೇಕು."

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಆಯಾಗಳು ಒಂದು ಪರೀಕ್ಷೆ ಪಾಸು ಮಾಡಿದರೆ ಸಂಬಳದ ಸಮೇತ ನರ್ಸಿಂಗ್ ತರಬೇತಿಗೆ ಸೇರಿಸಿಕೊಳ್ಳುತ್ತಿದ್ದರು. ಆದರೆ ಒಬ್ಬರಿಗೆ ಮೂರೇ ಅವಕಾಶ. ಇವಳು ಎರಡು ಸಲ ಬರೆದಿದ್ದಳು, ಎರಡು ಸಲವೂ ಔಷಧಿ ಅಳತೆಯ ಲೆಕ್ಕದಲ್ಲಿ ಡುಮ್ಕಿ ಹೊಡೆದಿದ್ದಳು. ಈ ಸಲದ್ದೇ ಕೊನೆ. ಇದೂ ಹೋದರೆ ಮುಗಿಯಿತು, ಪಿಂಚಣಿ ಬರುವ ತನಕ ಕೈ ಹಿಡಿದುಕೊಂಡು ನಿಲ್ಲುವುದೇ ಗತಿ.

ಹೆಂಡತಿ ಓದಲಿ ಅಂತ ಸೆಕೆಂಡ್ ಕೋಟಣ್ಣ ಹಿಂದಿನ ಕೋಣೆಯಿಂದ ತನ್ನ ಡಬ್ಬ, ಬ್ರಶ್ಶು, ಏಣಿಯನ್ನೆಲ್ಲ ಹೊರಗೆ ಹಾಕಿ ಜಾಗ ಮಾಡಿಕೊಟ್ಟಿದ್ದ. ಕೋಣೆ ಅಂದರೆ ಏನು, ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಕಿಟಕಿ, ಒಂದು ಮೇಜು, ಒಂದು ಬಲ್ಬು. ಅವಳು ಡ್ಯೂಟಿ ಮುಗಿಸಿ ಬಂದು, ಅಡುಗೆ ಮಾಡಿಟ್ಟು ಅಲ್ಲಿ ಕೂರುತ್ತಿದ್ದಳು. ಮಗಳು ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದಳು. "ಮಗುವಿನ ತೂಕ ಇಷ್ಟು, ಔಷಧಿ ಎಷ್ಟು? ಬೇಗ ಹೇಳಮ್ಮಾ, ಮಗು ಅಳ್ತಿದೆ!" ಅಂತ ಅವಸರ ಮಾಡುತ್ತಿದ್ದಳು. ಒಂದು ದಿನ ಹೀಗೇ ಕೂತಿದ್ದಾಗ ಹೆಂಡತಿ ನಗುತ್ತಾ, "ಇದೇನ್ರೀ, ಊರೋರ ಗೋಡೆಗೆಲ್ಲ ಬಣ್ಣ ಹಚ್ತೀರಿ, ನನ್ನ ಪುಸ್ತಕದ ಮೇಲೆ ಸುಣ್ಣ ಉದುರುತ್ತೆ" ಅಂದಳು. ಹಾಗಂದು ಮರೆತೂಬಿಟ್ಟಳು.

ಆದರೆ ಗಂಡನ ತಲೆಯಲ್ಲಿ ಹುಳ ಹೊಕ್ಕಿತು. ಪರೀಕ್ಷೆಯ ಹಿಂದಿನ ದಿನ ಅವಳು ಬೆಳಗಿನ ಡ್ಯೂಟಿಗೆ ಹೋದದ್ದೇ ತಡ, ಈ ಮಹಾನುಭಾವ ಅಂಗಿ ಬಿಚ್ಚಿ ನಿಂತ. ಯಾರದೋ ಮನೆಯ ಕೆಲಸದಲ್ಲಿ ಉಳಿದಿದ್ದ ತಿಳಿಹಸಿರು ಆಯಿಲ್ ಪೇಂಟು ಮನೆಯಲ್ಲಿತ್ತು. ಕಣ್ಣಿಗೆ ತಂಪು ಅಂದುಕೊಂಡ. ಗೋಡೆ ಕೆರೆದ, ಉಜ್ಜಿದ, ಬಳಿದ. ಖುಷಿಯ ಭರದಲ್ಲಿ ಕಿಟಕಿಯ ಚೌಕಟ್ಟಿಗೂ ಬಳಿದ. ಅಷ್ಟರಲ್ಲಿ ಹೊರಗೆ ಗಾಳಿ ಎದ್ದಿತು. ರಸ್ತೆಯ ಧೂಳು ಹಸಿ ಗೋಡೆಗೆ ಅಂಟುತ್ತದಲ್ಲ ಅಂತ ಕಿಟಕಿ ಎಳೆದು ಮುಚ್ಚಿದ.

ಹಸಿ ಬಣ್ಣದ ಕಿಟಕಿ ಮುಚ್ಚಬಾರದು. ಈ ಕಸುಬಿಗೆ ಹೊಸದಾಗಿ ಬಂದವರಿಗೆ ಅವನೇ ಹೇಳಿಕೊಡುತ್ತಿದ್ದ ಮೊದಲನೇ ಪಾಠ ಅದು. ಮಧ್ಯಾಹ್ನ ತೆರೆಯಲು ಹೋದರೆ ಕಿಟಕಿ ಚೌಕಟ್ಟಿಗೆ ಕಚ್ಚಿಕೊಂಡು ಕೂತಿತ್ತು. ಗುದ್ದಿದ, ಎಳೆದ, ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಗಾಜು ಬಿರುಕು ಬಿಟ್ಟಿತು, ಕಿಟಕಿ ಜಪ್ಪಯ್ಯ ಅನ್ನಲಿಲ್ಲ. ಬಾಗಿಲು ತೆರೆದರೆ ವಾಸನೆ ಮನೆಗೆಲ್ಲ, ಮುಚ್ಚಿದರೆ ಕೋಣೆಯೊಳಗೆ ಕಣ್ಣುರಿ. ಸಂಜೆ ಹೆಂಡತಿ ಬಂದಳು. ಸ್ವಲ್ಪ ಬಿಳಿಚಿಕೊಂಡ ಮುಖದಲ್ಲೇ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ ರೀ" ಅಂದಳು. ಒಳಗೆ ಹೋಗಿ ಪುಸ್ತಕ ತೆರೆದು ಕೂತಳು.

ಮಾರನೆಯ ಬೆಳಿಗ್ಗೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು.

"ಏನಾಯ್ತೇ?"

"ತಲೆ ಸಿಡೀತಿದೆ ರೀ. ಈ ಬಣ್ಣದ ವಾಸನೆ..." ಅಷ್ಟೇ ಹೇಳಿ, ಟೀ ಅರ್ಧ ಕುಡಿದು ಪರೀಕ್ಷೆಗೆ ಹೊರಟುಹೋದಳು.

ಅಷ್ಟು ಸಾಕಾಯಿತು. ಎಲ್ಲಾ ತನ್ನಿಂದಲೇ ಆಯಿತು ಅಂದುಕೊಂಡ. ಅವಳು ಮಧ್ಯಾಹ್ನ ಬಂದಾಗ "ಹೇಗಾಯ್ತು?" ಅಂತ ಕೇಳಿದ. "ಬರೆದಿದೀನಿ" ಅಂದಳು. "ತಲೆನೋವು?" ಅಂದ. "ಇತ್ತು" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಿಮ್ಮ ಬಣ್ಣಕ್ಕಿಷ್ಟು ಬೆಂಕಿ ಹಾಕ" ಅಂದಿದ್ದರೆ ಇವನೂ ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದ.  ವರ್ಷಗಟ್ಟಲೆ ಓದಿದ್ದನ್ನು ನಾನೊಬ್ಬ ಒಂದೇ ಹಗಲಲ್ಲಿ ಹಾಳು ಮಾಡಿದೆನಲ್ಲ, ಇದಕ್ಕೆ ಇನ್ನೊಂದು ಕೋಟು ಹೊಡೆಯುವ ಹಾಗೂ ಇಲ್ಲವಲ್ಲ ಅಂತ ಒಳಗೊಳಗೇ ಬೆಂದುಹೋದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಅವತಾರ. ಮುಂದಿನ ವಾರವೇ ಬಣ್ಣ ಕೆರೆಯುವ ಪಟ್ಟಿ ತೆಗೆದುಕೊಂಡು ಹೋಗಿ ಕೋಣೆಯ ಹಸಿರನ್ನೆಲ್ಲ ಕೆರೆದು ಹಾಕಿದ. ಮಗಳು ಸ್ಕೂಲಿನಿಂದ ಬಂದವಳು ಬ್ಯಾಗು ಹೆಗಲಿಂದ ಇಳಿಸದೆ ನೋಡುತ್ತಾ ನಿಂತಳು.

"ಅಪ್ಪಾ, ಪರೀಕ್ಷೆ ಮುಗೀತಲ್ಲ. ಈಗ್ಯಾಕೆ ಕೆರೀತಿದೀಯ?"

"ವಾಸನೆ ಹೋಗ್ಲಿ ಅಂತ."

"ವಾಸನೆ ಹೋಗಿ ಆಗಿದೆ. ಈಗ ಗೋಡೆನೂ ಹೋಗುತ್ತೆ ಅಷ್ಟೇ."

ಅವನು ಕೆರೆಯುತ್ತಲೇ ಇದ್ದ. ಕೈ ಸುಮ್ಮನಿದ್ದರೆ ತಲೆ ಓಡುತ್ತಿತ್ತು, ತಲೆ ಓಡಿದರೆ ಫೇಲು ಅನ್ನುವ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಹಾಗಾಗಿ ಬಂದ ಕೆಲಸ, ಬಾರದ ಕೆಲಸ ಎಲ್ಲ ಒಪ್ಪಿಕೊಂಡ. ಗೇಟಿಗೆ ಬಣ್ಣ, ಅಂಗಡಿಯ ಷಟರಿಗೆ ಬಣ್ಣ, ಯಾರೂ ಹತ್ತದ ನೀರಿನ ಟ್ಯಾಂಕಿಗೂ ಬಣ್ಣ. ಏಣಿಯ ಮೇಲೆ ಇರುವಷ್ಟು ಹೊತ್ತು ಪರವಾಗಿಲ್ಲ. ಇಳಿದ ತಕ್ಷಣ ಜೇಬಿನಿಂದ ಫೋನ್ ತೆಗೆದು ನೋಡುತ್ತಿದ್ದ. ರಿಸಲ್ಟು ಆಸ್ಪತ್ರೆಯ ಬೋರ್ಡಿಗೆ ಹಾಕುವುದು, ಫೋನಿನಲ್ಲಿ ಏನು ಇರುತ್ತದೆ ಪಾಪ. ಆದರೂ ನೋಡುತ್ತಿದ್ದ. ಹೆಂಡತಿಯ ವಾರ್ಡಿನ ಹಿರಿಯ ನರ್ಸಿಗೆ ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಏನಾದರೂ ಒಂದು ನೆಪ ಮಾಡಿಕೊಂಡು ಇವನು ಅವರಿಗೆ ಫೋನ್ ಹಚ್ಚುತ್ತಿದ್ದ. ಅವರು ಮೊದಮೊದಲು "ಬರೋ ವಾರ ಇರ್ಬಹುದಪ್ಪ" ಅಂದರು. ಬರೋ ವಾರ ಬಂದಾಗ "ಸಹಿ ಆಗ್ಬೇಕಂತೆ" ಅಂದರು. ಕೊನೆಗೆ, "ನೋಡಪ್ಪಾ, ಬಂದ ಕ್ಷಣ ನಾನೇ ಫೋನ್ ಮಾಡ್ತೀನಿ. ಅಲ್ಲೀವರೆಗೆ ನೀನು ಮಾಡ್ಬೇಡ, ನಂಗೂ ಗಾಬರಿ ಹತ್ತಿಸ್ಬೇಡ" ಅಂತ ನಯವಾಗಿಯೇ ಗದರಿದರು.

ಹೆಂಡತಿಯೋ, ಏನೂ ಆಗದವಳಂತೆ ಇದ್ದಳು. ಹೊತ್ತಿಗೆ ಸರಿಯಾಗಿ ಡ್ಯೂಟಿ, ಹೊತ್ತಿಗೆ ಸರಿಯಾಗಿ ಅಡುಗೆ. ರಿಸಲ್ಟಿನ ಸುದ್ದಿ ಎತ್ತಿದರೆ "ಬಂದಾಗ ಬರುತ್ತೆ ಬಿಡಿ" ಅನ್ನುತ್ತಿದ್ದಳು. ಹಾಸಿಗೆಗೆ ಬಿದ್ದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು, ಮಿಸುಕುತ್ತಿರಲಿಲ್ಲ. ಪಕ್ಕದಲ್ಲಿ ಇವನು ಹೊರಳಾಡಿ ಹೊರಳಾಡಿ ಹೊದಿಕೆ ಗಂಟು ಹಾಕುತ್ತಿದ್ದ. ಇಷ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳಲ್ಲ, ಎಲ್ಲಾ ಆಸೆ ಬಿಟ್ಟೇಬಿಟ್ಟಳೋ ಏನೋ, ನನ್ನಿಂದ ಬಿಟ್ಟಳಲ್ಲ ಅಂತ ಮತ್ತೆ ಸಂಕಟಪಡುತ್ತಿದ್ದ. ಬಾಯಿ ಬಿಟ್ಟು "ತಪ್ಪಾಯ್ತು ಕಣೇ" ಅನ್ನಬೇಕು ಅಂತ ಎಷ್ಟೋ ಸಲ ಹೊರಟ. ಅವಳ ಮುಖ ನೋಡಿದ ಕೂಡಲೇ ನೀರು ಕೇಳಿ, ಕುಡಿದು ವಾಪಸು ಬರುತ್ತಿದ್ದ. ಹೇಳಿದರೆ ಅವಳು ಹೌದು ಅಂದುಬಿಟ್ಟರೆ?

ಈ ಮಧ್ಯೆ ಒಬ್ಬ ನಿವೃತ್ತ ಮೇಷ್ಟರ ಮನೆಯ ಹಾಲ್ ಕೆಲಸ ಬಂತು. ಮೇಷ್ಟರು ಒಂಟಿ ಜೀವ, ಮಾತಿಗೆ ಜನ ಸಿಕ್ಕರೆ ಸಾಕು. ಪೀಠೋಪಕರಣವನ್ನೆಲ್ಲ ನಡುವೆ ರಾಶಿ ಹಾಕಿ, ಅದರ ಮೇಲೆ ಹಳೇ ಬೆಡ್‌ಶೀಟು ಹೊದಿಸಿ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಅವರು ಪೇಪರು ಓದುತ್ತಾ ಕೂರುತ್ತಿದ್ದರು. ಅವರು ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವರು ಅಂತ ತಿಳಿದದ್ದೇ ಸೆಕೆಂಡ್ ಕೋಟಣ್ಣನ ಕಿವಿ ನೆಟ್ಟಗಾಯಿತು.

"ಸಾರ್, ಒಂದು ಮಾತು ಕೇಳ್ಲಾ?"

"ಕೇಳಯ್ಯಾ."

"ತಲೆನೋವು ಇಟ್ಕೊಂಡು ಬರೆದಿದ್ರೆ, ಪೇಪರ್ ನೋಡಿದ ಕೂಡ್ಲೇ ನಿಮಗೆ ಗೊತ್ತಾಗುತ್ತಾ?"

ಮೇಷ್ಟರು ಕನ್ನಡಕದ ಮೇಲಿಂದ ನೋಡಿದರು. "ಬರೆದವರ ತಲೆನೋವು ನಮಗೆ ಗೊತ್ತಾಗಲ್ಲ. ತಿದ್ದೋರಿಗೆ ತಲೆನೋವಿದ್ರೆ ಪೇಪರಿಗೆ ಗೊತ್ತಾಗುತ್ತೆ."

ಇವನು ನಗಲಿಲ್ಲ. ಒಂದಷ್ಟು ಹೊತ್ತು ರೋಲರ್ ಓಡಿಸಿ ಮತ್ತೆ, "ಲೆಕ್ಕ ತಪ್ಪಾಗಿ, ದಾರಿ ಸರಿಯಾಗಿದ್ರೆ ಸಾರ್?" ಅಂದ. ಅರ್ಧ ಮಾರ್ಕು ಸಿಗುತ್ತದೆ ಅಂದರು. "ಅಕ್ಷರ ನಡುಗಿದ್ರೆ?" ಅಕ್ಷರಕ್ಕೆ ಮಾರ್ಕಿಲ್ಲ ಅಂದರು. "ಮೂರನೇ ಸಲ ಬರೀತಿರೋದು ಅಂತ ಗೊತ್ತಾದ್ರೆ ಸ್ವಲ್ಪ ಕರುಣೆ ಏನಾದ್ರೂ..." ಮೇಷ್ಟರು ಪೇಪರು ಮಡಚಿ ಪಕ್ಕಕ್ಕಿಟ್ಟರು.

"ಅದಿರಲಿ, ನಾನೊಂದು ಕೇಳ್ತೀನಿ. ಬೆಳಿಗ್ಗೆಯಿಂದ ಆ ಗೋಡೆಗೆ ಬಳಿದದ್ದೇ ಬಳಿದದ್ದು, ಮೂರು ಸಲ ಆಯ್ತು. ಈ ಕಡೆ ಗೋಡೆ ಏನಯ್ಯಾ ಪಾಪ ಮಾಡಿತ್ತು? ಒಂದು ಸಲಾನೂ ಮುಟ್ಟಿಲ್ಲ."

ತಿರುಗಿ ನೋಡಿದ. ಹೌದು, ಎದುರು ಗೋಡೆ ಬರೀ ತಳಬಣ್ಣದ ಪ್ರೈಮರಿನಲ್ಲಿ ಬೆಳ್ಳಗೆ ನಿಂತಿತ್ತು. ಕಸುಬಿಗೆ ಇಳಿದ ಮೇಲೆ ಇಂಥ ಮರ್ಯಾದೆ ಹೋಗುವ ಕೆಲಸ ಅವನು ಮಾಡಿದವನಲ್ಲ. ಏಣಿಯಿಂದ ಇಳಿದು ನೆಲದ ಮೇಲೆ ಕುಕ್ಕರಿಸಿದ. ರೋಲರ್ ಕೈಯಲ್ಲೇ ಇತ್ತು, ಅದರಿಂದ ಬಣ್ಣ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹಾಗೇ ಕೂತು ಎಲ್ಲವನ್ನೂ ಹೇಳಿಕೊಂಡ. ಹೆಂಡತಿಯ ಆಸೆ, ತಿಳಿಹಸಿರು ಬಣ್ಣ, ಕಚ್ಚಿಕೊಂಡ ಕಿಟಕಿ, ಒದ್ದೆ ಬಟ್ಟೆ, ಯಾವುದನ್ನೂ ಬಿಡಲಿಲ್ಲ.  ಮುಗಿದ ಮೇಲೆ ಮೇಷ್ಟರು ಒಳಗೆ ಹೋಗಿ ಎರಡು ಲೋಟ ಟೀ ಮಾಡಿಕೊಂಡು ಬಂದು ಒಂದನ್ನು ಅವನ ಮುಂದಿಟ್ಟರು.

"ಇದನ್ನ ಆಕೆಗೆ ಹೇಳಿದೀಯಾ?"

"ಇಲ್ಲ ಸಾರ್. ಧೈರ್ಯ ಬರ್ಲಿಲ್ಲ."

"ಮತ್ತೆ ನಂಗ್ಯಾಕೆ ಹೇಳ್ತೀಯ? ನಾನು ಕ್ಷಮಿಸಿದೆ ಅಂದ್ರೆ ನಿಂಗೆ ಸಾಕಾ? ರಿಸಲ್ಟ್ ಬಂದ್ಮೇಲೆ ಹೇಳಿದ್ರೆ ಅದು ಬೇರೆ ಮಾತಾಗುತ್ತೆ ಕಣಯ್ಯಾ. ಪಾಸಾದ್ರೆ ಜಂಬದ ಮಾತು, ಫೇಲಾದ್ರೆ ಗಾಯಕ್ಕೆ ಉಪ್ಪು. ಹೇಳೋದಾದ್ರೆ ಅದಕ್ಕೆ ಮುಂಚೆನೇ ಹೇಳ್ಬಿಡು."

ಹೇಳಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಮನೆಗೆ ಹೋದ. ಅವತ್ತು ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಮನುಷ್ಯನ ಹಣೆಬರಹವೇ ಇಷ್ಟು, ಏನು ಮಾಡುವುದು!

ಆ ವಾರದ ಕೊನೆಯಲ್ಲಿ ದೊಡ್ಡ ಸಿಸ್ಟರ್ ಹೆಂಡತಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಖಂಡಿತ ಬೋರ್ಡಿಗೆ ಹಾಕುತ್ತಾರೆ ಅಂದರು. ಅವಳಿಗೆ ಮರುದಿನ ವಾರದ ರಜೆ. "ಬಂದು ನೋಡ್ತೀಯಾ?" ಅಂತ ಸಿಸ್ಟರ್ ಕೇಳಿದ್ದಕ್ಕೆ, "ನೀವೇ ನೋಡಿ ಹೇಳ್ಬಿಡಿ ಸಿಸ್ಟರ್" ಅಂದಳು. ಗಂಡನ ಮುಂದೆ ಫೋನ್ ಇಡುತ್ತಾ, "ನಾಳೆ ಅಂತೆ" ಅಂದು ಬಟ್ಟೆ ಮಡಚಲು ಹೋದಳು.

ಆ ಬೆಳಿಗ್ಗೆ ಮಗಳು ಸ್ಕೂಲಿಗೆ ಹೋಗಲು ಒಪ್ಪಲೇ ಇಲ್ಲ. ಅಮ್ಮ ಕಣ್ಣು ಕೆಂಪಗೆ ಮಾಡಿದ ಮೇಲೆ ಗೊಣಗುತ್ತಾ ಹೊರಟಳು. "ಏನೇ ಆದ್ರೂ ಸ್ಕೂಲ್ ಆಫೀಸಿಗೆ ಫೋನ್ ಮಾಡ್ಬೇಕು. ಅಪ್ಪಾ, ನೀನು ಮಾಡ್ಬೇಡ. ನೀನು ಮಾಡಿದ್ರೆ ಅವರು ಆಂಬುಲೆನ್ಸ್ ಕರೀತಾರೆ." ಸೆಕೆಂಡ್ ಕೋಟಣ್ಣ ಕೆಲಸಕ್ಕೆ ಹೋಗಲಿಲ್ಲ. ಮೇಷ್ಟರಿಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಅಂದಾಗ ಅವರು ಕಾರಣ ಕೇಳಲಿಲ್ಲ.

ಅವನು ಹೊಸ್ತಿಲಿಗೂ ರಸ್ತೆಗೂ ನಡುವೆ ಎಡತಾಕುತ್ತಿದ್ದ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನೀರಿನ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು. ಮೂರು ಜನ ತಿಂದ ಪಾತ್ರೆ ಎಷ್ಟಿರಲು ಸಾಧ್ಯ ಅಂತ ಇಣುಕಿ ನೋಡಿದ. ಅವಳ ಕೈಯಲ್ಲಿ ಒಂದೇ ಒಂದು ಲೋಟ ಇತ್ತು. ಅದನ್ನೇ ಸೋಪು ಹಚ್ಚಿ ತೊಳೆದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಸೋಪು ಹಚ್ಚಿದಳು.  ಅಂಥ ಮುಖ ಅವಳಲ್ಲಿ ಅವನು ಎಂದೂ ಕಂಡದ್ದಿಲ್ಲ.

"ಲೇ..." ಅಂದ.

ಅವಳು ಲೋಟ ಅಲ್ಲೇ ಇಟ್ಟು, ಕೈ ಒರೆಸಿಕೊಂಡು, ಅವನನ್ನು ದಾಟಿಕೊಂಡು ಹಿಂದಿನ ಕೋಣೆಗೆ ಹೋದಳು. ಬಾಗಿಲು ಮುಚ್ಚಿದಳು. ಚಿಲಕ ಹಾಕಿದ ಸದ್ದು ಕೇಳಿತು.

"ಏನಾಯ್ತೇ? ಬಾಗಿಲು ತೆಗಿ."

"ಫೋನ್ ನೀವೇ ತಗೊಳ್ಳಿ," ಅಂತ ಒಳಗಿಂದ ದನಿ ಬಂತು. "ನಂಗಾಗಲ್ಲ ರೀ."

ಇಷ್ಟು ವರ್ಷದ ಸಂಸಾರದಲ್ಲಿ 'ನಂಗಾಗಲ್ಲ' ಅನ್ನುವ ಮಾತು ಅವಳ ಬಾಯಿಂದ ಅವನು ಕೇಳಿದ್ದಿಲ್ಲ. ಹೆರಿಗೆ ಬೇನೆಯಲ್ಲೂ ಅಂದಿರಲಿಲ್ಲ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಅವಳ ಫೋನ್ ತೊಡೆಯ ಮೇಲೆ. ಇನ್ನು ತಡ ಮಾಡಿದರೆ ಮೇಷ್ಟರು ಹೇಳಿದ ಹಾಗೇ ಆಗುತ್ತದೆ ಅನ್ನಿಸಿತು. ಬಾಗಿಲಿನ ಹಲಗೆಗೆ ತಲೆ ಆನಿಸಿ ಶುರು ಮಾಡಿದ.

"ಒಂದು ಮಾತು ಹೇಳ್ಬೇಕು. ಬೈದ್ರೆ ಬೈಕೋ. ಅವತ್ತು ನಾನು ಆ ಬಣ್ಣ ಹಚ್ಚಬಾರದಿತ್ತು. ಕಿಟಕಿ ಮುಚ್ಚಬಾರದಿತ್ತು, ಕೆಲಸಕ್ಕೆ ಹೊಸಬ ಹುಡುಗರೂ ಮಾಡದಿರೋ ತಪ್ಪು ಅದು. ನಿಂಗೆ ತಲೆನೋವು ತರಿಸಿದ್ದು ನಾನು. ರಿಸಲ್ಟ್ ಏನೇ ಬರ್ಲಿ, ಕಡಿಮೆ ಬಿದ್ದ ಮಾರ್ಕೆಲ್ಲ ನಂದು. ಎರಡು ತಿಂಗಳಿಂದ ಇದೇ ನನ್ನ ತಿಂತಿದೆ ಕಣೇ. ಹೇಳೋಕೆ ಬಾಯಿ ಬರ್ಲಿಲ್ಲ."

 ಒಳಗೆ ಚಿಲಕ ಸರಿಯಿತು. ಬಾಗಿಲು ಇದ್ದಕ್ಕಿದ್ದಂತೆ ತೆರೆದದ್ದರಿಂದ ಅವನು ಹಿಂದಕ್ಕೆ ವಾಲಿ ಬೀಳುವುದರಲ್ಲಿದ್ದ. ಅವಳು ಅವನ ಪಕ್ಕದಲ್ಲೇ, ಹೊಸ್ತಿಲ ಮೇಲೆ ಕೂತಳು.

"ತಲೆನೋವು ಬಣ್ಣದಿಂದ ಬಂದದ್ದಲ್ಲ ರೀ."

"ಅಂದ್ರೆ?"

"ಮನೆಗೆ ಬರೋಕೆ ಮುಂಚೆನೇ ಬಂದಿತ್ತು. ಹಿಂದಿನ ದಿನ ಡ್ಯೂಟಿಲಿದ್ದಾಗ ಬೆಡ್‌ಶೀಟ್ ಇಡೋ ರೂಮಿಗೆ ಹೋಗಿ ವಾಂತಿ ಮಾಡ್ಕೊಂಡೆ. ಹೆದರಿಕೆ. ಕೈಯೆಲ್ಲ ತಣ್ಣಗಾಗ್ಬಿಟ್ಟಿತ್ತು. ಮನೆಗೆ ಬಂದ್ರೆ ನೀವು ಬಣ್ಣ ಹಚ್ಚಿದ್ರಿ. ವಾಸನೆ ಇತ್ತು ನಿಜ. ಬೆಳಿಗ್ಗೆ ನೀವು ಏನಾಯ್ತು ಅಂದಾಗ, ಹೆದರಿಕೆ ಅಂತ ಹೇಳೋಕಾಗದೆ ಬಣ್ಣದ ಮೇಲೆ ಹಾಕ್ಬಿಟ್ಟೆ."

ಸೆಕೆಂಡ್ ಕೋಟಣ್ಣನಿಗೆ ಸಮಾಧಾನವಾಗಬೇಕಿತ್ತು, ಅಲ್ಲವೇ? ಸಮಾಧಾನ ಎಲ್ಲಿ ಬಂತು, ಸಿಟ್ಟು ನೆತ್ತಿಗೇರಿತು.

"ಅಲ್ವೇ, ನಾನಿಲ್ಲಿ ಎರಡು ತಿಂಗಳಿಂದ ಸಾಯ್ತಾ ಇದೀನಿ! ಮೇಷ್ಟರ ಮನೇಲಿ ಒಂದೇ ಗೋಡೆಗೆ ಮೂರು ಕೋಟು ಹೊಡೆದು ಮಾನ ಕಳ್ಕೊಂಡೆ! ಒಂದು ಮಾತು ಹೇಳೋಕೆ ಏನು ಧಾಡಿ ನಿಂಗೆ?"

"ನಿಮ್ಗೆ ಈ ಬಣ್ಣದ ಕೊರಗು ಹತ್ತಿದೆ ಅಂತ ನಂಗೇನು ಗೊತ್ತು? ರಿಸಲ್ಟ್ ಚಿಂತೆ ಅಂದ್ಕೊಂಡಿದ್ದೆ. ನೀವೇ ಹಾಗೆ ಒದ್ದಾಡ್ತಿದ್ರೆ ನಾನೂ ಹೆದರಿಕೆ ಅಂತ ಕೂತ್ರೆ ಮನೆ ಗತಿ ಏನ್ರೀ? ಒಬ್ರಾದ್ರೂ ಸರಿಯಾಗಿರ್ಬೇಕಲ್ಲ."

"ಗಡದ್ದಾಗಿ ಮಲಗ್ತಿದ್ಯಲ್ಲೇ."

"ಯಾರು ಮಲಗಿದ್ರು? ಗೋಡೆ ನೋಡ್ಕೊಂಡು ಲೆಕ್ಕ ಹಾಕ್ತಿದ್ದೆ. ಪೇಪರಲ್ಲಿ ಬಂದಿದ್ದ ಲೆಕ್ಕಾನೇ. ಒಂದೊಂದು ಸಲ ಒಂದೊಂದು ಉತ್ತರ ಬರೋದು." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಈ ಸಲಾನೂ ಹೋದ್ರೆ ನಾನು ಏನ್ರೀ ಮಾಡ್ಲಿ? ಇನ್ನೊಂದು ಸಲ ಇಲ್ಲ."

ಅವನ ಸಿಟ್ಟು ಅಲ್ಲೇ ಇಳಿದುಹೋಯಿತು. ಎರಡು ತಿಂಗಳು ತನ್ನ ತಪ್ಪನ್ನೇ ಹಿಡಿದು ಹಿಂಡಿಕೊಂಡು ಕೂತನೇ ಹೊರತು, ಅತ್ತ ಕಡೆ ತಿರುಗಿ ಮಲಗಿದವಳ ಮುಖ ಹೇಗಿದೆ ಅಂತ ಒಂದು ದಿನವಾದರೂ ಎದ್ದು ನೋಡಲಿಲ್ಲವಲ್ಲ ಅಂತ ಅವನಿಗೆ ಆಗ ಹೊಳೆಯಿತು. ಅವಳ ಕೈ ಹಿಡಿದುಕೊಂಡ. ಸೋಪಿನ ನೀರಲ್ಲಿ ನೆಂದ ಬೆರಳು ಸುಕ್ಕಾಗಿದ್ದವು. ಹಾಗೇ ಹಿಡಿದುಕೊಂಡು ಕೂತ.

ಆಗ ಫೋನ್ ಹೊಡೆದುಕೊಂಡಿತು.

ಇಬ್ಬರೂ ಬೆಚ್ಚಿದರು. ಅವಳು ತಲೆ ತಗ್ಗಿಸಿ ಮೊಣಕಾಲಿನ ಮಧ್ಯೆ ಮುಖ ಹುದುಗಿಸಿಕೊಂಡಳು. ಅವನು ಎಡಗೈಯಲ್ಲಿ ಫೋನ್ ಎತ್ತಿ ಕಿವಿಗಿಟ್ಟ.

"ಯಾರು, ನೀನೇನಪ್ಪಾ?" ದೊಡ್ಡ ಸಿಸ್ಟರ್ ಏದುಸಿರು ಬಿಡುತ್ತಿದ್ದರು. "ಈಗಷ್ಟೇ ಹಾಕಿದ್ರು. ನಿನ್ನ ಹೆಂಡ್ತಿ ಪಾಸು. ಕೇಳಿಸ್ತಾ? ಲೆಕ್ಕದಲ್ಲೂ ಪಾಸು. ಎಲ್ಲಿ ಅವಳು? ಫೋನ್ ಕೊಡು ಅವಳಿಗೆ..."

ಅವನು ಬಾಯಿ ತೆರೆದ. ಸದ್ದೇ ಹೊರಡಲಿಲ್ಲ. ಊರಿಗೆಲ್ಲ ಸಮಾಧಾನ ಹೇಳುತ್ತಿದ್ದ ಬಾಯಿ ಅದು, ಆ ಹೊತ್ತಿನಲ್ಲಿ ಕಲ್ಲಾಗಿಬಿಟ್ಟಿತು. ಕಣ್ಣು ತುಂಬಿ ನೀರು ಕೆನ್ನೆಯ ಮೇಲೆ ಹರಿಯತೊಡಗಿತು. ಹೆಗಲು ಕುಲುಕುತ್ತಿತ್ತು. ಅವಳು ತಲೆ ಎತ್ತಿ ನೋಡಿದಳು. ಅವನ ಮುಖ ನೋಡಿದಳು. ಅವಳ ಮುಖದ ಮೇಲಿದ್ದ ರಕ್ತವೆಲ್ಲ ಇಳಿದುಹೋಯಿತು. ಆಮೇಲೆ ಮೆಲ್ಲಗೆ ಅವನ ಕೈಯಿಂದ ಫೋನ್ ಬಿಡಿಸಿ, ಅತ್ತಲಿಂದ ಬರುತ್ತಿದ್ದ ಮಾತು ಕೇಳಿಸಿಕೊಳ್ಳದೆ, ಬಂದ್ ಮಾಡಿ ನೆಲದ ಮೇಲಿಟ್ಟಳು.

"ಹೋಗ್ಲಿ ಬಿಡಿ," ಅಂದಳು.

ಅವನು ಜೋರಾಗಿ ತಲೆ ಅಲ್ಲಾಡಿಸಿದ. ಅಲ್ಲ, ಅಲ್ಲ ಅನ್ನಲು ಹೊರಟರೆ ಬಿಕ್ಕಳಿಕೆ ಬಂತು. ಅದನ್ನು ನೋಡಿ ಅವಳು ಇನ್ನೂ ಹತ್ತಿರ ಸರಿದು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಈಗ ಅವಳ ದನಿ ವಾರ್ಡಿನಲ್ಲಿ ರೋಗಿಗಳ ಹತ್ತಿರ ಮಾತಾಡುವ ದನಿಯಾಗಿತ್ತು.

"ಅಳ್ಬೇಡಿ ರೀ. ನೋಡಿ, ನಾನೇ ಅಳ್ತಿಲ್ಲ. ಆಗ್ದೇ ಇದ್ರೆ ಆಗ್ಲಿಲ್ಲ, ಏನ್ಮಾಡೋದು. ಕೈಲಾದಷ್ಟು ಓದಿದೆ, ಬರೆದೆ. ನಾಳೆ ಬೆಳಿಗ್ಗೆ ಎಂದಿನ ಹಾಗೆ ಡ್ಯೂಟಿಗೆ ಹೋಗ್ತೀನಿ. ಎರಡು ದಿನ ಜನ ಒಂಥರಾ ನೋಡ್ತಾರೆ, ಆಮೇಲೆ ಅವರವರ ಮನೆ ಚಿಂತೆ ಅವರವರಿಗೆ. ಮೊದ್ಲು ಸ್ವಲ್ಪ ಬೇಜಾರಾಗುತ್ತೆ. ಆಗ್ಲಿ. ಆದ್ರೆ ನಂಗೆ ಊಟ ಸೇರುತ್ತೆ ರೀ, ನಿದ್ದೆನೂ ಬರುತ್ತೆ. ಇನ್ನು ಆ ಲೆಕ್ಕ ಮಾಡೋದು ಬೇಡ್ವಲ್ಲ. ನೋವು ಅಂದೋರ ಕೈ ಹಿಡ್ಕೊಳ್ಳೋಕೆ ಯಾವ ಪರೀಕ್ಷೆನೂ ಬೇಡ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಏಳಿ, ಮುಖ ತೊಳ್ಕೊಳ್ಳಿ. ಮಗಳಿಗೆ ನಾನೇ ಹೇಳ್ತೀನಿ."

"ಪಾ..." ಅಂದ ಅವನು.

"ನೀರು ಬೇಕಾ?"

"ಪಾಸು."

"ಯಾರು?"

"ನೀನು ಕಣೇ! ಪಾಸು! ಲೆಕ್ಕದಲ್ಲೂ ಪಾಸಂತೆ!"

ಅವಳು ಅವನನ್ನೇ ನೋಡಿದಳು. ಬೆನ್ನಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಅದೇ ಕೈಯಲ್ಲಿ ಅವನ ಭುಜಕ್ಕೆ ಫಟಾರನೆ ಒಂದು ಕೊಟ್ಟಳು. "ಅಯ್ಯೋ ನಿಮ್ಮ! ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮ್ಗೆ ದೊಡ್ಡ ರೋಗ!" ಅಂದು ಇನ್ನೊಂದು ಕೊಟ್ಟಳು. ಅವನು ಅಳುತ್ತಲೇ ನಗುತ್ತಿದ್ದ. ನೆಲದ ಮೇಲಿನ ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು, ಇಬ್ಬರೂ ಎತ್ತಲಿಲ್ಲ. ಅವಳು ಬಾಗಿಲಿನ ಚೌಕಟ್ಟಿಗೆ ಒರಗಿದಳು.  ಎರಡು ಸಲ ಫೇಲಾದಾಗಲೂ ಅಳದಿದ್ದವಳು ಬಾಯಿ ಬಿಟ್ಟು, ಸಣ್ಣ ಮಕ್ಕಳ ಹಾಗೆ, ಸದ್ದು ಮಾಡಿ ಅತ್ತಳು. ಅವನು ತಡೆಯಲಿಲ್ಲ. ಅತ್ತು ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದ.

ಕೊನೆಗೆ ಅವಳು ಕೈಯಲ್ಲೇ ಮೂಗು ಒರೆಸಿಕೊಂಡು, ಏನೋ ಹೊಸದು ಕಂಡವಳ ಹಾಗೆ ಅವನ ಕಡೆ ತಿರುಗಿದಳು.

"ಫೇಲಾಗಿದ್ರೂ ನಾನು ಚೆನ್ನಾಗೇ ಇರ್ತಿದ್ದೆ ಕಣ್ರೀ," ಅಂದಳು. "ಈಗಷ್ಟೇ ಗೊತ್ತಾಯ್ತು."